ಚೆಂಗ್ಡುವಿನಲ್ಲಿ ಹದಿನೈದು ದಿನ: ಮಾಂಸ ತಿನ್ನದವನು ಏನು ತಿನ್ನಬೇಕು?

ತೋಟದಮನೆ

ಎಲ್ಲರಿಗೂ ನಮಸ್ಕಾರ. ಶಿರಸಿ ಕಡೆಯವನು, ಈಗ ಪೀಣ್ಯದಲ್ಲಿ ಕೆಲಸ. ಕಂಪನಿ ಕೊಳ್ಳುತ್ತಿರುವ ಒಂದು ಮಷಿನ್ನಿನ ಟ್ರಯಲ್ ನೋಡಲು ಮುಂದಿನ ತಿಂಗಳು ಚೀನಾದ ಚೆಂಗ್ಡುಗೆ ಹೋಗಬೇಕು. ಹದಿನೈದು ದಿನ. ಮಾಂಸ, ಮೀನು ತಿನ್ನುವುದಿಲ್ಲ. ಮೊಟ್ಟೆ ತಿನ್ನುತ್ತೇನೆ (ಊರಿನಲ್ಲಿ ಗೊತ್ತಿಲ್ಲ, ಯಾರೂ ಹೇಳಬೇಡಿ).

ಹಿಂದೆ ಹೋಗಿ ಬಂದ ಸಹೋದ್ಯೋಗಿಯನ್ನು ಕೇಳಿದೆ. "ರೆಡಿ ಉಪ್ಪಿಟ್ಟಿನ ಪ್ಯಾಕೆಟ್ ಮೂವತ್ತು ತಗೊಂಡು ಹೋಗು, ರೂಮಿನಲ್ಲಿ ಕೆಟಲ್ ಇರುತ್ತೆ" ಅಂದ. ಅವನು ಎರಡು ವಾರ ಹಾಗೇ ಕಳೆದನಂತೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಬಾಗಿಲು ಹಾಕಿಕೊಂಡು ಉಪ್ಪಿಟ್ಟು ತಿನ್ನುವುದಕ್ಕೆ ಪೀಣ್ಯವೇ ಸಾಕಲ್ವಾ?

ನನಗೆ ಗೊತ್ತಿರುವ ಚೈನೀಸ್ ಅಂದರೆ ಬಸ್‌ಸ್ಟ್ಯಾಂಡ್ ಪಕ್ಕದ ಗಾಡಿಯ ಗೋಬಿ ಮಂಚೂರಿ. ಅಲ್ಲಿನ ಊಟವನ್ನೇ ಉಂಡು ಬರಬೇಕು ಅಂತ ಆಸೆ. ಹೆಸರು ಹೇಳಿ ಕೇಳಬಹುದಾದ ತಿನಿಸು ಏನಾದರೂ ಇವೆಯಾ? ಅಲ್ಲಿ ಏನೋ ಹಾಕುತ್ತಾರಂತೆ, ನಾಲಿಗೆ ಮರಗಟ್ಟುತ್ತದಂತೆ. ನಿಜವಾ? ಫ್ಯಾಕ್ಟರಿಯವರು ಊಟಕ್ಕೆ ಕರೆದರೆ ಹೇಗೆ ನಿಭಾಯಿಸುವುದು?

ಕುಮಟಾದವಳು

ನಾಲಿಗೆಯಿಂದಲೇ ಶುರು ಮಾಡುತ್ತೇನೆ, ಅದು ನನಗೆ ಪ್ರೀತಿಯ ವಿಷಯ.

2017ರಿಂದ 2019ರವರೆಗೆ ಚೆಂಗ್ಡುವಿನಲ್ಲಿದ್ದೆ. ಕೊಂಕಣಿ ಮನೆಯವಳು, ಎಲ್ಲ ತಿನ್ನುತ್ತೇನೆ. ಹೋದ ಎರಡನೇ ದಿನ ಆಫೀಸಿನ ಹುಡುಗಿಯರು ಊಟಕ್ಕೆ ಕರೆದುಕೊಂಡು ಹೋದರು. "ಹ್ವಾಜ್ಯಾವ್ ಸಿಕ್ಕರೆ ಹೆದರಬೇಡ" ಅಂತ ಮೊದಲೇ ಎಚ್ಚರಿಸಿದರು. ಒಂದು ತುತ್ತು ಬಾಯಿಗಿಟ್ಟೆ. ಅಯ್ಯೋ, ತೆಪ್ಪಲ! ಅಮ್ಮ ಬಂಗಡೆ ಸಾರಿಗೆ ಹಾಕುವ ತೆಪ್ಪಲ! ನಾನು ನಗುತ್ತಾ ತಿನ್ನುವುದನ್ನು ನೋಡಿ ಅವರಿಗೆ ಸ್ವಲ್ಪ ನಿರಾಸೆಯೇ ಆಯಿತು.

ನಿಮ್ಮ ಘಟ್ಟದ ಮೇಲೆ ಅದಕ್ಕೆ ಜುಮ್ಮನಕಾಯಿ ಅನ್ನುತ್ತೀರಿ, ಅಲ್ವಾ? ಅವರ ಹ್ವಾಜ್ಯಾವ್, ನಮ್ಮ ತೆಪ್ಪಲ ಎರಡೂ ಒಂದೇ ಗಿಡ ಅಲ್ಲ, ಆದರೆ ಒಂದೇ ಕುಲದ ದಾಯಾದಿಗಳು. ಎರಡರಲ್ಲೂ ಒಳಗಿನ ಕಪ್ಪು ಬೀಜ ಎಸೆದು ಸಿಪ್ಪೆ ಮಾತ್ರ ಬಳಸುವುದು. ನಾವು ಸಾರಿಗೆ ಎಂಟು ಹತ್ತು ಕಾಯಿ ಹಾಕಿದರೆ ಅವರು ಮುಷ್ಟಿ ತುಂಬ ಸುರಿಯುತ್ತಾರೆ, ಅಷ್ಟೇ ವ್ಯತ್ಯಾಸ. ಆ ಜುಮ್ಮಿಗೆ ಅವರ ಮಾತಿನಲ್ಲಿ "ಮಾ", ಖಾರಕ್ಕೆ "ಲಾ". ಸೇರಿದರೆ ಮಾಲಾ. ಮೆಣಸಿನಕಾಯಿ ನಮ್ಮಲ್ಲಿಗೆ ಬಂದ ಹಾಗೆ ಅವರಲ್ಲಿಗೂ ಅಮೆರಿಕ ಖಂಡದಿಂದ ಬಂದದ್ದು. ಹ್ವಾಜ್ಯಾವ್ ಅದಕ್ಕಿಂತ ಎಷ್ಟೋ ಹಳೆಯದು. ತಟ್ಟೆ ಕೆಂಪಗಿದೆ ಅಂತ ಓಡಿಹೋಗಬೇಡಿ. ಅಲ್ಲಿನ ಅರ್‌ಜಿಂಗ್‌ತ್ಯಾವ್ ಅನ್ನುವ ಮೆಣಸಿನಕಾಯಿ ನಮ್ಮ ಬ್ಯಾಡಗಿಯ ಹಾಗೆ, ಬಣ್ಣ ಪರಿಮಳ ಜಾಸ್ತಿ. ಹೆದರಿಕೆ ಇದ್ದರೆ "ವೇ ಲಾ" ಅನ್ನಿ, ಖಾರ ಕಡಿಮೆ ಅಂತ. ಅವರ ಕಡಿಮೆಯೂ ಸಾಕಷ್ಟು ಇರುತ್ತದೆ.

ಇನ್ನು ಮಾಂಸದ ವಿಷಯ. ದಯವಿಟ್ಟು "ವೆಜ್ಜಾ ನಾನ್‌ವೆಜ್ಜಾ" ಅಂತ ಕೇಳಬೇಡಿ. ಅಲ್ಲಿ ತಿನಿಸುಗಳನ್ನು ನಮ್ಮ ಹಾಗೆ ಎರಡು ಸಾಲಿನಲ್ಲಿ ಕೂರಿಸಿಲ್ಲ. ಬೀನ್ಸ್ ಹುರಿದದ್ದು ಅವರಿಗೆ ತರಕಾರಿಯೇ. ಅದರ ಮೇಲೆ ಒಂದು ಚಮಚ ಹಂದಿಯ ಖೀಮಾ ಉದುರಿಸಿದರೆ ಅದು ರುಚಿಗೆ, ನಮ್ಮ ಒಗ್ಗರಣೆ ಇದ್ದ ಹಾಗೆ. ಹೋಟೆಲಿನವನು ಮೋಸ ಮಾಡಿದ್ದಲ್ಲ. "ರೋ" ಅಂದರೆ ಮಾಂಸ, ಆದರೆ ಆ ಶಬ್ದ ಕೇಳಿದ ತಕ್ಷಣ ಅವರಿಗೆ ನೆನಪಾಗುವುದು ಹಂದಿಮಾಂಸ. ಹಾಗಾಗಿ ಬರೀ "ರೋ ಬೇಡ" ಅಂದರೆ ಸಾಲದು.

ಹೊರಡುವ ಮೊದಲು ನಿಮ್ಮ ಗೆರೆ ಎಲ್ಲಿದೆ ಅಂತ ನೀವೇ ತೀರ್ಮಾನ ಮಾಡಿಕೊಳ್ಳಿ. ತುಂಡು ಇರಬಾರದು, ಅಷ್ಟೇನಾ? ಹಂದಿ ಕೊಬ್ಬಿನಲ್ಲಿ ಹುರಿದದ್ದೂ ಬೇಡವಾ? ಎಲುಬಿನ ಸಾರು ಬೇಡವಾ? ಅದೇ ಬಾಣಲೆಯೂ ಆಗುವುದಿಲ್ಲವಾ? ಮೊದಲನೆಯದಾದರೆ ಚೆಂಗ್ಡುವಿನಲ್ಲಿ ಹಬ್ಬ. ಕೊನೆಯದಾದರೆ ದೇವಸ್ಥಾನದ ಊಟ, ಇಲ್ಲ ನಿಮ್ಮ ಸಹೋದ್ಯೋಗಿಯ ಉಪ್ಪಿಟ್ಟು.

ದೇವಸ್ಥಾನದ ಊಟ ಅಂದೆನಲ್ಲ, ಅದನ್ನು ಬಿಡಬೇಡಿ. ಊರಿನ ನಡುವೆ ವೆನ್‌ಶು ಯುವಾನ್ ಅಂತ ಬೌದ್ಧ ಮಠ ಇದೆ, ಮೆಟ್ರೋ ಸ್ಟೇಷನ್ನಿಗೂ ಅದೇ ಹೆಸರು. ಅಲ್ಲಿ ಸಸ್ಯಾಹಾರದ ಊಟದ ಮನೆ ಇದೆ. 2018ರ ಶ್ರಾವಣದಲ್ಲಿ ಅಮ್ಮ ಬಂದಿದ್ದಳು. ಅಮ್ಮ ಮೀನು ತಿನ್ನುವವಳೇ, ಆದರೆ ಶ್ರಾವಣದಲ್ಲಿ ಮುಟ್ಟುವುದಿಲ್ಲ. ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನನಗೆ ಕೈಕಾಲು ಆಡಲಿಲ್ಲ. ಆಫೀಸಿನಲ್ಲಿ ಹೇಳಿಕೊಂಡರೆ ಅವರು ಆಶ್ಚರ್ಯವನ್ನೇ ಪಡಲಿಲ್ಲ. "ಓ, ನಮ್ಮಜ್ಜಿಯೂ ಹಾಗೇ" ಅಂದಳು ಒಬ್ಬಳು. ಚೀನೀ ಬೌದ್ಧರ ಮಡಿ ಊಟದಲ್ಲೂ ಈರುಳ್ಳಿ ಬೆಳ್ಳುಳ್ಳಿ ನಿಷೇಧ! ಚಾಂದ್ರಮಾಸದ ಪಾಡ್ಯ ಮತ್ತು ಹುಣ್ಣಿಮೆಗೆ ಮಾಂಸ ಬಿಡುವವರೂ ಇದ್ದಾರೆ. ಅಮ್ಮನಿಗೆ ಅಲ್ಲಿ ಮಾಪೋ ದೌಫು (ದೌಫು ಅಂದರೆ ತೋಫು, ಸೋಯಾ ಹಾಲಿನ ಪನೀರು) ಸಿಕ್ಕಿತು, ಮಾಂಸ ಇಲ್ಲದ್ದು. ಒಂದೇ ಎಡವಟ್ಟು: ಅವರು ಸೋಯಾ ಕೆನೆಪದರದಲ್ಲಿ ಮೀನಿನ ಆಕಾರ ಮಾಡಿ, ಚರ್ಮದ ಗೆರೆ ಸಮೇತ ತಂದಿಟ್ಟರು. ಅಮ್ಮ ತಟ್ಟೆ ದೂಡಿದಳು. ಅದು ಮೀನಲ್ಲ ಅಂತ ನಂಬಿಸಲು ಹತ್ತು ನಿಮಿಷ ಹಿಡಿಯಿತು. ಕೊನೆಗೆ ತಿಂದು, "ಮೀನು ಬಿಟ್ಟವರು ಮೀನಿನ ಗೊಂಬೆ ಯಾಕೆ ಮಾಡಬೇಕು" ಅಂದಳು. ಉತ್ತರ ನನಗೂ ಗೊತ್ತಿರಲಿಲ್ಲ.

ತಿನಿಸಿನ ಹೆಸರು ಇನ್ನೊಂದು ಉತ್ತರದಲ್ಲಿ ಬರೆಯುತ್ತೇನೆ, ಕುಕ್ಕರ್ ಕೂಗುತ್ತಿದೆ.

ಎಸ್‌ಪಿರೋಡ್ ಲೈಟ್ಸ್

ಮೇಡಂ, ನೀವು ಎಲ್ಲ ತಿನ್ನುವವರು, ನಿಮಗೆ ಸುಲಭ. ನಾನು ಶುದ್ಧ ಸಸ್ಯಾಹಾರಿ. ಗ್ವಾಂಗ್‌ಝೋಗೆ ಕ್ಯಾಂಟನ್ ಫೇರ್ ಅನ್ನುವ ವ್ಯಾಪಾರ ಮೇಳಕ್ಕೆ ನಾಲ್ಕು ಸಲ ಹೋಗಿದ್ದೇನೆ. ಮೊದಲ ಸಲ ಮೊಬೈಲಿನಲ್ಲಿ "ಮಾಂಸ ಬೇಡ" ಅಂತ ತರ್ಜುಮೆ ಮಾಡಿ ತೋರಿಸಿದೆ. ಆ ಹುಡುಗಿ ಖುಷಿಯಿಂದ ತಲೆ ಆಡಿಸಿದಳು. ನೂಡಲ್ಸ್ ಬಂತು. ಅರ್ಧ ತಿಂದ ಮೇಲೆ ಬಟ್ಟಲಿನ ತಳದಲ್ಲಿ ಒಂದು ಎಲುಬು. ಅವಳು ತುಂಡುಗಳನ್ನು ತೆಗೆದಿದ್ದಳು, ಸಾರು ಅದೇ. ಆಮೇಲೆ ಆರು ದಿನ ಬಾಳೆಹಣ್ಣು, ಬಿಸ್ಕತ್ತು, ಖಾಖ್ರಾ.

ತೋಟದಮನೆಯವರೇ, ಉಪ್ಪಿಟ್ಟಿನ ಪ್ಯಾಕೆಟ್ ಇಟ್ಟುಕೊಳ್ಳಿ. ಮೂವತ್ತು ಬೇಡ, ಹತ್ತು ಇರಲಿ.

ನ್ಯಾಯವಾಗಿ ಒಂದು ಒಳ್ಳೆಯದನ್ನೂ ಹೇಳಬೇಕು. ಮೂರನೇ ಸಲ ಹೋದಾಗ ಬೆಳಗಿನ ತಿಂಡಿಗೆ ಒಂದು ಸಿಕ್ಕಿತು. ಅಕ್ಕಿ ಹಿಟ್ಟಿನ ನೀರು ಸಂಪಣವನ್ನು ಅಗಲ ತಟ್ಟೆಯಲ್ಲಿ ತೆಳ್ಳಗೆ ಹೊಯ್ದು ಹಬೆಯಲ್ಲಿ ಬೇಯಿಸಿ ಸುರುಳಿ ಸುತ್ತುತ್ತಾರೆ. ನೀರುದೋಸೆಯನ್ನು ಇಡ್ಲಿ ಪಾತ್ರೆಯಲ್ಲಿ ಬೇಯಿಸಿದ ಹಾಗೆ. ಸಾಮಾನ್ಯವಾಗಿ ಒಳಗೆ ಸಿಗಡಿ, ಗೋಮಾಂಸ ಇಡುತ್ತಾರೆ. ಏನೂ ಇಡದ್ದಕ್ಕೆ "ಜಾಯ್ ಚಂಗ್" ಅಂತ ಹೆಸರೇ ಇದೆ. ಮೇಲೆ ಸೋಯಾ ಸಾಸು, ಎಳ್ಳು. ಅದನ್ನು ದಿನಾ ತಿಂದೆ.

ಕುಮಟಾದವಳು

ಎಸ್‌ಪಿರೋಡ್ ಅವರೇ, ನಿಮ್ಮ ಮಾತು ಒಪ್ಪಿದೆ. ಸಾರಿನ ವಿಷಯದಲ್ಲಿ ನೀವು ಹೇಳಿದ್ದು ಅಕ್ಷರಶಃ ನಿಜ. ಅದಕ್ಕೇ ನನ್ನ ಸಲಹೆ: ಗೆರೆ ಬಿಗಿ ಇದ್ದರೆ ಸಾರಿನ ನೂಡಲ್ಸ್ ಕಡೆ ತಲೆ ಹಾಕಬೇಡಿ. ಒಣ ನೂಡಲ್ಸ್ ತಿನ್ನಿ. ಚೆಂಗ್ಡು ಅದಕ್ಕೆ ಹೇಳಿ ಮಾಡಿಸಿದ ಊರು.

ಮೊದಲು ತ್ಯೆನ್ ಶ್ವೇ ಮ್ಯೆನ್. ಹೆಸರಿನ ಅರ್ಥ ಸಿಹಿನೀರಿನ ನೂಡಲ್ಸ್. ಪೆನ್ಸಿಲಿಗಿಂತ ದಪ್ಪ, ಜಗಿದರೆ ಎಳೆಯುತ್ತದೆ. ಮೇಲೆ ಬೆಲ್ಲ ಹಾಕಿ ಕುದಿಸಿದ ಸೋಯಾ, ಮೆಣಸಿನೆಣ್ಣೆ, ಎಳ್ಳು, ಬೆಳ್ಳುಳ್ಳಿ. ಸಿಹಿ ಮೊದಲು, ಖಾರ ಆಮೇಲೆ, ಜುಮ್ಮು ಕೊನೆಗೆ. ಸಣ್ಣ ಬಟ್ಟಲು, ಎರಡು ಬೇಕಾಗುತ್ತದೆ. ಎಲ್ಲರೂ ದಾನ್‌ದಾನ್ ಮ್ಯೆನ್ ಬಗ್ಗೆ ಬರೆಯುತ್ತಾರೆ (ಹೆಗಲ ಅಡ್ಡೆಯಲ್ಲಿ ಹೊತ್ತು ಮಾರುತ್ತಿದ್ದರು, ಆ ಅಡ್ಡೆಯ ಹೆಸರೇ ನೂಡಲ್ಸಿಗೆ ಬಂತು), ಆದರೆ ಅದರ ಮೇಲೆ ಖೀಮಾ ಇರುತ್ತದೆ. "ರೋ ಮೋ ಬು ಯಾವ್" ಅನ್ನಬೇಕು. ರೋ ಮೋ ಅಂದರೆ ಖೀಮಾ. ಈ ನಾಲ್ಕು ಪದವನ್ನು ಬಾಯಿಪಾಠ ಮಾಡಿ, ನೂರು ಸಲ ಬೇಕಾಗುತ್ತದೆ.

ಯೂಶ್ಯಾಂಗ್ ಚ್ಯೇತ್ಸ ಅಂದರೆ "ಮೀನಿನ ಪರಿಮಳದ ಬದನೆಕಾಯಿ". ಹೆಸರು ಕೇಳಿ ಬಿಡಬೇಡಿ, ಅದರಲ್ಲಿ ಮೀನಿಲ್ಲ. ಮೀನಿಗೆ ಹಾಕುವ ಮಸಾಲೆಯನ್ನು ಬದನೆಗೆ ಹಾಕುತ್ತಾರೆ, ಅಷ್ಟೇ. ಆದರೆ ಮತ್ತೆ ಅದೇ ಖೀಮಾ ಕಾಟ, ಕೇಳಿಯೇ ತರಿಸಿ. ಮಾಪೋ ದೌಫು ಕೂಡ ಚೆಂಗ್ಡುವಿನದ್ದೇ. ಚೆನ್ ಅನ್ನುವವರ ಮನೆಯ ಹೆಂಗಸು ಮಾಡುತ್ತಿದ್ದಳು, ಮುಖದ ಮೇಲೆ ಸಿಡುಬಿನ ಕಲೆ, ಆ ಕಲೆಯೇ ಹೆಸರಾಯಿತು ಅನ್ನುತ್ತಾರೆ. ಅದರ ಜೀವ ಊರಿನ ಪಕ್ಕದ ಪಿಶ್ಯೆನ್‌ನ ದೌಬಾನ್. ದಪ್ಪ ಅವರೆಯಂಥ ಕಾಳು ಮತ್ತು ಮೆಣಸಿನಕಾಯಿ ಉಪ್ಪಿನಲ್ಲಿ ಕಲಸಿ ಮಣ್ಣಿನ ಹಂಡೆಯಲ್ಲಿ ಬಿಸಿಲು ಇಬ್ಬನಿಗೆ ಬಿಟ್ಟು ಹುಳಿ ಬರಿಸುತ್ತಾರೆ. ವರ್ಷಗಟ್ಟಲೆ ಬಿಟ್ಟದ್ದೂ ಇರುತ್ತದೆ. ನಮ್ಮ ಮಿಡಿ ಉಪ್ಪಿನಕಾಯಿ ಭರಣಿಯನ್ನು ನೋಡಿ ಬೆಳೆದವರಿಗೆ ಅದರ ವಾಸನೆ ಹೊಸದು ಅನ್ನಿಸುವುದಿಲ್ಲ.

ಸುರಕ್ಷಿತ ಅಂದರೆ ಸ್ವಾನ್ ಲಾ ತುದೌಸ, ಹುಳಿಖಾರದ ಆಲೂಗಡ್ಡೆ ಎಳೆಗಳು. ಅರ್ಧ ಬೇಯಿಸಿ ಕರುಂಕುರುಂ ಇರುವಾಗಲೇ ಇಳಿಸುತ್ತಾರೆ. ಮೊದಲ ಸಲ "ಬೆಂದಿಲ್ಲ" ಅಂತ ವಾಪಸ್ ಕೊಡಬೇಡಿ, ನಾನು ಕೊಟ್ಟಿದ್ದೆ. ಟೊಮೆಟೊ ಮೊಟ್ಟೆ ಪಲ್ಯ ಎಲ್ಲ ಕಡೆ ಸಿಗುತ್ತದೆ. ಜಜ್ಜಿದ ಸೌತೆಕಾಯಿಗೆ ಪಾಯ್ ಹ್ವಾಂಗ್‌ಗ್ವಾ ಅನ್ನಿ. ಅನ್ನ ಬೇಕಾದರೆ "ಮಿಫಾನ್" ಅಂತ ಮೊದಲೇ ಹೇಳಿ, ಇಲ್ಲದಿದ್ದರೆ ಎಲ್ಲ ಮುಗಿದ ಮೇಲೆ ಬರುತ್ತದೆ.

ನಿಮ್ಮ ಗೋಬಿ ಮಂಚೂರಿಗೆ ಬರೋಣ. ಅದು ಅಲ್ಲಿ ಇಲ್ಲ. ಮಂಚೂರಿಯನ್ ಹುಟ್ಟಿದ್ದು ಮುಂಬೈಯಲ್ಲಿ, 1975ರಲ್ಲಿ ನೆಲ್ಸನ್ ವಾಂಗ್ ಕೋಳಿಯಲ್ಲಿ ಮಾಡಿದ್ದು ಅನ್ನುತ್ತಾರೆ. ಆದರೆ ಗೋಬಿ ಇದೆ! ಗಾನ್ ಗೋ ಹ್ವಾ ತ್ಸಾಯ್ ಅಂತ ಕೇಳಿ. ಸಣ್ಣ ಬಾಣಲೆಯನ್ನು ಉರಿಯ ಸಮೇತ ಮೇಜಿಗೆ ತಂದಿಡುತ್ತಾರೆ. ಹೂಕೋಸು ಅಂಚು ಸುಟ್ಟು, ಒಣಮೆಣಸು ಬೆಳ್ಳುಳ್ಳಿ ಜೊತೆ ಚಟಪಟ ಅನ್ನುತ್ತಿರುತ್ತದೆ. ಹಂದಿಯ ತೆಳು ಹೋಳು ಹಾಕುವುದು ರೂಢಿ, ಬೇಡ ಅನ್ನಿ. ನಿಜವಾದ ಮಂಚೂರಿಯಾ ಸೀಮೆ, ಅಂದರೆ ಈಶಾನ್ಯ ಚೀನಾದ ಊಟ ಬೇಕಿದ್ದರೆ ದೀ ಸಾನ್ ಶ್ಯೆನ್. ಆಲೂಗಡ್ಡೆ, ಬದನೆ, ದೊಣ್ಣಮೆಣಸು ಕರಿದು ಸೋಯಾದಲ್ಲಿ ಹೊರಳಿಸಿದ್ದು. ಆ ಕಡೆಯವರ ಹೋಟೆಲು ದೊಡ್ಡ ಊರುಗಳಲ್ಲಿ ಸಿಗುತ್ತವೆ. ಕೆಂಪು ಬಣ್ಣ ಇಲ್ಲ. 2024ರಲ್ಲಿ ನಮ್ಮ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದಾಗ ನನಗೆ ಮೊದಲು ನೆನಪಾದದ್ದು ಈ ಕಂದು ಬಣ್ಣದ ತಟ್ಟೆ.

ಹಾಟ್‌ಪಾಟ್‌ಗೆ (ಮೇಜಿನ ಮೇಲೆ ಕುದಿಯುವ ಸಾರಿನಲ್ಲಿ ನಾವೇ ಬೇಯಿಸಿಕೊಂಡು ತಿನ್ನುವ ಊಟ) ಕರೆದರೆ ಒಂದು ಎಚ್ಚರ. ಆ ಕೆಂಪು ಸಾರಿನ ಕೊಬ್ಬು ಹಸುವಿನದ್ದು. ನಡುವೆ ಗೋಡೆ ಇರುವ ಪಾತ್ರೆಯ ಬಿಳಿ ಸಾರು ಕೋಳಿಯದ್ದೋ ಎಲುಬಿನದ್ದೋ ಇರಬಹುದು. ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಪಾತ್ರೆ ಕೊಡುವ ಅಂಗಡಿಗೆ ಹೋಗಿ, "ಚಿಂಗ್ ಶ್ವೇ", ಬರೀ ನೀರು, ಅಂತ ಕೇಳಿ. ಅಣಬೆ, ಕಮಲದ ಬೇರು, ದೌಫು ಬೇಯಿಸಿಕೊಂಡು ಎಳ್ಳೆಣ್ಣೆ ಬೆಳ್ಳುಳ್ಳಿಯಲ್ಲಿ ಅದ್ದಿ ತಿನ್ನಿ. ಚೆಂಗ್ಡುವಿನವರು ನಗಬಹುದು, ನಗಲಿ.

ಸಿಹಿಗೆ ಎರಡು. ಸಾನ್ ದಾ ಪಾವ್, ಮೂರು ಫಿರಂಗಿ. ಅಂಟಕ್ಕಿಯ ಉಂಡೆಯನ್ನು ಇಳಿಜಾರು ಹಲಗೆಗೆ ಎಸೆಯುತ್ತಾರೆ, ಮೇಲಿನ ತಾಮ್ರದ ಬಟ್ಟಲುಗಳು ಢಂ ಢಂ ಢಂ ಅನ್ನುತ್ತವೆ, ಉಂಡೆ ಸೋಯಾ ಹಿಟ್ಟಿನಲ್ಲಿ ಉರುಳಿ ಬೀಳುತ್ತದೆ, ಮೇಲೆ ಬೆಲ್ಲದ ಪಾಕ. ತಮಾಷೆಗಾದರೂ ತಿನ್ನಿ. ಇನ್ನೊಂದು ಬಿಂಗ್ ಫನ್. ಒಂದು ಗಿಡದ ಸಣ್ಣ ಬೀಜವನ್ನು ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಕಿವುಚಿ, ಸುಣ್ಣದ ತಿಳಿ ಹಾಕಿ ಗಟ್ಟಿ ಮಾಡಿದ ತಣ್ಣನೆ ಜೆಲ್ಲಿ, ಬೆಲ್ಲದ ನೀರಿನಲ್ಲಿ. ಮಾಲಾ ತಿಂದ ಬಾಯಿಗೆ ಅದೇ ಮದ್ದು.

ಗದಗಿನ ಹುಡುಗ

ಅಕ್ಕಾ, ಬಾಯಾಗ ನೀರು ತರಿಸಿಬಿಟ್ರಿ. ನಾನು ಶಿಯಾನ್‌ನಲ್ಲಿ ಎರಡು ವರ್ಷ ಓದಿದವನು.

ಅಣ್ಣಾ, ನಡುವೆ ಶನಿವಾರ ಭಾನುವಾರ ರಜೆ ಇದ್ದರೆ ಚೆಂಗ್ಡುವಿನಿಂದ ಹೈಸ್ಪೀಡ್ ರೈಲು ಹತ್ತಿ. ನಾಲ್ಕು ತಾಸಿನಲ್ಲಿ ಶಿಯಾನ್. ಅಲ್ಲಿ ಯೋಪೋ ಮ್ಯೆನ್ ತಿನ್ನಲೇಬೇಕು. ಬೆಲ್ಟಿನಷ್ಟು ಅಗಲದ ಗೋಧಿ ನೂಡಲ್ಸ್ ಬೇಯಿಸಿ ಬಟ್ಟಲಿಗೆ ಹಾಕಿ, ಮೇಲೆ ಖಾರದ ಪುಡಿ, ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು ಗುಡ್ಡೆ ಮಾಡುತ್ತಾರೆ. ಆಮೇಲೆ ಹೊಗೆ ಏಳುವಷ್ಟು ಕಾಯಿಸಿದ ಎಣ್ಣೆಯನ್ನು ಸೌಟಿನಲ್ಲಿ ಸುರಿಯುತ್ತಾರೆ. ಚೊಂಯ್! ನಮ್ಮ ಅವ್ವನ ಒಗ್ಗರಣೆಯ ಸಪ್ಪಳವೇ. ಮೊದಲ ದಿನ ಹಾಸ್ಟೆಲಿನ ಹಿಂದಿನ ಅಂಗಡಿಯಲ್ಲಿ ಆ ಸಪ್ಪಳ ಕೇಳಿ ನಾನು ಸುಮ್ನೆ ಬಾಗಿಲಲ್ಲಿ ನಿಂತಿದ್ದೆ. ಬ್ಯಾಂಗ್‌ಬ್ಯಾಂಗ್ ಮ್ಯೆನ್ ಅಂತ ಅದರ ಅಣ್ಣನೊಬ್ಬ ಇದ್ದಾನೆ. ಆ "ಬ್ಯಾಂಗ್" ಬರೆಯುವುದಕ್ಕೆ ಐವತ್ತಕ್ಕೂ ಹೆಚ್ಚು ಗೆರೆ ಎಳೆಯಬೇಕು. ಅದಕ್ಕೆ ಮಾಂಸ ಬೀಳುತ್ತದೆ, ನೋಡಿಕೊಳ್ಳಿ. ಲ್ಯಾಂಗ್‌ಪಿ ಕೂಡ ನಡೆಯುತ್ತದೆ: ತಣ್ಣನೆಯ ಅಗಲ ಪಟ್ಟಿಗಳು, ಸೌತೆಕಾಯಿ, ವಿನೆಗರ್, ಮೆಣಸಿನೆಣ್ಣೆ.

ದುಡ್ಡಿನ ವಿಷಯ ಯಾರೂ ಹೇಳಲಿಲ್ಲ. ನಮ್ಮ ಫೋನ್‌ಪೇ ಅಲ್ಲಿ ನಡೆಯುವುದಿಲ್ಲ. ಇಲ್ಲಿಂದಲೇ ಅಲಿಪೇ ಹಾಕಿಕೊಂಡು ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಿ. ಬಂಡಿಯವನೂ ಕ್ಯೂಆರ್ ತೋರಿಸುತ್ತಾನೆ. ಗೂಗಲ್ ಓಡುವುದಿಲ್ಲ, ತರ್ಜುಮೆ ಆ್ಯಪಿನ ಚೀನೀ ಭಾಷೆಯನ್ನು ಮೊದಲೇ ಇಳಿಸಿಕೊಳ್ಳಿ.

ತೋಟದಮನೆ

ಎಲ್ಲರಿಗೂ ದೊಡ್ಡ ನಮಸ್ಕಾರ. ನನ್ನ ಗೆರೆ ತೀರ್ಮಾನ ಆಯಿತು: ತುಂಡು ಬೇಡ, ಸಾರು ಬೇಡ. ಬಾಣಲೆ ಯಾವುದಾದರೂ ಇರಲಿ. ಕೊಬ್ಬು ಗೊತ್ತಾದರೆ ಬೇಡ. ಫ್ಯಾಕ್ಟರಿಯವರ ಊಟಕ್ಕೆ ಏನು ಮಾಡಲಿ? ಕುಡಿಯುವುದೂ ಇಲ್ಲ ನಾನು.

ಕುಮಟಾದವಳು

ಊಟದ ಮೇಜಿನಲ್ಲಿ ಹೇಳಬೇಡಿ, ಎರಡು ದಿನ ಮೊದಲೇ ಹೇಳಿ. ಅಲ್ಲಿ ಅತಿಥಿಗೆ ಆರ್ಡರ್ ಮಾಡುವುದು ಮನೆಯವರ ಮರ್ಯಾದೆ. ಕೊನೆ ಗಳಿಗೆಯಲ್ಲಿ ಹೇಳಿದರೆ ಅವರಿಗೆ ಮುಖಭಂಗ. "ವೋ ಚಿ ಸು" ಅಂದರೆ ನಾನು ಸಸ್ಯಾಹಾರಿ. ಹಾಗಂದರೆ ವ್ರತದವನು ಅಂದುಕೊಂಡು ಬೆಳ್ಳುಳ್ಳಿಯನ್ನೂ ತೆಗೆದಾರು, ಅದಕ್ಕೇ "ಜಿದಾನ್ ಕ ಯಿ" ಸೇರಿಸಿ, ಮೊಟ್ಟೆ ಆಗುತ್ತದೆ ಅಂತ. ಚೀನೀ ಲಿಪಿಯಲ್ಲಿ ಒಂದು ಚೀಟಿ ಬರೆಸಿ ಜೇಬಿನಲ್ಲಿಡಿ. ಅದರಲ್ಲಿ ಮಾಂಸ, ಖೀಮಾ, ಎಲುಬಿನ ಸಾರು, ಹಂದಿ ಕೊಬ್ಬು ಎಲ್ಲದರ ಹೆಸರೂ ಬೇರೆಬೇರೆ ಇರಲಿ.

ಕುಡಿಯುವುದಕ್ಕೆ ಟೀ ಲೋಟ ಎತ್ತಿ "ಯೀ ಚಾ ದಾಯ್ ಜ್ಯೋ" ಅನ್ನಿ. ಹೆಂಡದ ಬದಲು ಟೀ ಅಂತ. ಅದು ಅವರದ್ದೇ ಹಳೇ ರೂಢಿ.

ತೋಟದಮನೆ

ಬಂದೆ. ಉಪ್ಪಿಟ್ಟಿನ ಪ್ಯಾಕೆಟ್ ಹತ್ತು ಒಯ್ದಿದ್ದೆ, ಏಳು ವಾಪಸ್ ತಂದೆ.

ಮೊದಲ ಮೂರು ದಿನ ಕಷ್ಟವೇ ಆಯಿತು. ಕ್ಯಾಂಟೀನಿನಲ್ಲಿ ಎಲೆಕೋಸಿನ ಪಲ್ಯದಲ್ಲೂ ಹಂದಿ. ನಾಲ್ಕನೇ ದಿನ ನಮ್ಮ ಜೊತೆಗಿದ್ದ ಅಲ್ಲಿನ ಟೆಕ್ನಿಷಿಯನ್‌ಗೆ ಚೀಟಿ ತೋರಿಸಿದೆ. ಅವನು ಓದಿ, ಅಡುಗೆಯವರ ಕಿಟಕಿಗೆ ಅಂಟಿಸಿ ಬಂದ! ಆಮೇಲೆ ದಿನಾ ನನಗೆ ಬೇರೆ ಬಾಣಲೆಯ ತುದೌಸ, ಟೊಮೆಟೊ ಮೊಟ್ಟೆ. ಅಡುಗೆಯಾಕೆ ನನ್ನನ್ನು ಕಂಡರೆ "ಚಿ ಸು!" ಅಂತ ಕೂಗಿ ನಗುತ್ತಿದ್ದಳು. ಹೆಸರೇ ಅದಾಗಿಬಿಟ್ಟಿತು.

ಒಂದು ಸಲ ತಪ್ಪಿತು. ಬದನೆಕಾಯಿಯಲ್ಲಿ ಖೀಮಾ, ಎರಡು ತುತ್ತು ಒಳಗೆ ಹೋದ ಮೇಲೆ ಗೊತ್ತಾಯಿತು. ಎದ್ದುಹೋಗಿ ಬಾಯಿ ತೊಳೆದುಕೊಂಡು ಬಂದೆ. ತಪ್ಪು ನನ್ನದೇ, ಅವತ್ತು ಗಡಿಬಿಡಿಯಲ್ಲಿ ಕೇಳಿರಲಿಲ್ಲ. ಆ ರಾತ್ರಿ ಉಪ್ಪಿಟ್ಟೇ.

ಸಿಹಿನೀರಿನ ನೂಡಲ್ಸ್ ಹನ್ನೊಂದು ಬಟ್ಟಲು ತಿಂದೆ. ಲೆಕ್ಕ ಇಟ್ಟಿದ್ದೇನೆ. ವೆನ್‌ಶು ಮಠಕ್ಕೆ ಎರಡು ಭಾನುವಾರವೂ ಹೋದೆ, ಹಾಗಾಗಿ ಶಿಯಾನ್ ತಪ್ಪಿತು. ಗದಗಿನವರು ಕ್ಷಮಿಸಬೇಕು.

ಅಲ್ಲಿಂದಲೇ ಆಯಿಗೆ ಫೋನ್ ಮಾಡಿ ಜುಮ್ಮನಕಾಯಿ ಕಥೆ ಹೇಳಿದೆ. "ತೋಟದ ಅಂಚಿಗೆ ಮುಳ್ಳಿನ ಮರ ಇದ್ದಲಾ, ಅದೇಯ" ಅಂದಳು. ಆ ಮರಕ್ಕೆ ಅಂಗಿ ಸಿಕ್ಕಿ ಹರಿದದ್ದು ನೆನಪಿದೆ, ಕಾಯಿ ತಿಂದದ್ದು ನೆನಪಿಲ್ಲ. ಈ ಸಲ ಊರಿಗೆ ಹೋದಾಗ ಕೊಯ್ದು ಒಣಗಿಸಿ ಮೆಣಸಿನೆಣ್ಣೆ ಮಾಡೋಣ ಅಂತಿದ್ದೇನೆ. ಕುಮಟಾದವರೇ, ಎಣ್ಣೆಗೆ ಯಾವಾಗ ಹಾಕಬೇಕು?

ಕುಮಟಾದವಳು

ಕಾಯಿ ಬಾಯಿ ಬಿಡುವವರೆಗೆ ಒಣಗಿಸಿ, ಬೀಜ ಉದುರಿಸಿ ಬಿಸಾಡಿ. ಎಣ್ಣೆ ಹೊಗೆಯಾಡುವಾಗ ಹಾಕಿದರೆ ಸೀದು ಕಹಿಯಾಗುತ್ತದೆ. ಇಳಿಸಿ, ಸ್ವಲ್ಪ ಆರಿದ ಮೇಲೆ ಸಿಪ್ಪೆ ಹಾಕಿ ಮುಚ್ಚಿಡಿ. ಮೆಣಸಿನ ಪುಡಿ ಅದಕ್ಕಿಂತ ಮೊದಲು, ಬ್ಯಾಡಗಿ ಆದರೆ ಒಳ್ಳೆಯದು. ಕಾಯಿ ಜಾಸ್ತಿ ಸಿಕ್ಕರೆ ಕುಮಟಾ ಬಸ್ಸಿನಲ್ಲಿ ಒಂದು ಪೊಟ್ಟಣ ಕಳಿಸಿ.